ಒಂದು ಜೀನ್, ಒಬ್ಬನೇ ಒಡೆಯ

1866ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಗಡ್ಡೆಗಳ ಕುರಿತ ತಮ್ಮ ಗ್ರಂಥದಲ್ಲಿ ಒಂದು ಕುಟುಂಬದ ವಂಶಾವಳಿಯನ್ನು ಸೇರಿಸಿದರು. ಅದು ಅವರ ಹೆಂಡತಿಯ ತವರಿನದು ಎನ್ನಲಾಗುತ್ತದೆ. ಅದರಲ್ಲಿ ನಾಲ್ಕು ತಲೆಮಾರುಗಳ ಹೆಂಗಸರು ಸ್ತನ ಕ್ಯಾನ್ಸರಿಗೆ ಬಲಿಯಾಗಿದ್ದರು. ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಬರೆದ ಪ್ರಬಂಧ ಅಚ್ಚಾದದ್ದೂ ಅದೇ ವರ್ಷ. ಆದರೆ ಆ ಮನೆತನದ ಸಾವುಗಳನ್ನೂ ಬಟಾಣಿಯ ನಿಯಮಗಳನ್ನೂ ಜೋಡಿಸಿ ನೋಡಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಜೋಡಿಸಿದವರು ಬರ್ಕ್ಲಿಯ ಮೇರಿ-ಕ್ಲೇರ್ ಕಿಂಗ್. 1970ರ ದಶಕದ ಮಧ್ಯದಲ್ಲಿ ಅವರು ಈ ಕೆಲಸಕ್ಕೆ ಕೈಹಾಕಿದಾಗ, ಇಷ್ಟು ಸಾಮಾನ್ಯವಾದ ಕಾಯಿಲೆಗೆ ಒಂದೇ ಒಂದು ವಂಶವಾಹಿ ಕಾರಣವಾಗಬಹುದೆಂದು ನಂಬಿದವರು ಕಡಿಮೆ. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಅದು ವಂಶದಿಂದ ಬಂದದ್ದಲ್ಲ ಎಂಬುದೂ ನಿಜವೇ. ಕಿಂಗ್ 23 ಕುಟುಂಬಗಳನ್ನು, ಅವುಗಳಲ್ಲಿ ಕಾಯಿಲೆಗೆ ತುತ್ತಾದ 146 ಮಂದಿಯನ್ನು ಅಭ್ಯಾಸ ಮಾಡಿದರು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಏನೂ ಸ್ಪಷ್ಟವಾಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದ ಕುಟುಂಬಗಳನ್ನು ಬೇರೆ ಮಾಡಿ ನೋಡಿದಾಗ ಗುರುತು ಸಿಕ್ಕಿತು: 17ನೇ ವರ್ಣತಂತುವಿನ ಒಂದು ಭಾಗ. 1990ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ವಂಶವಾಹಿಯೇ ಬಿಆರ್‌ಸಿಎ1.

ಜಾಗ ಗೊತ್ತಾದ ಮೇಲೆ ವಂಶವಾಹಿಯನ್ನೇ ಹಿಡಿಯುವ ಓಟ ಶುರುವಾಯಿತು. ಗೆದ್ದದ್ದು ಕಿಂಗ್ ಅಲ್ಲ. ಯೂಟಾ ರಾಜ್ಯದ ಮಾರ್ಕ್ ಸ್ಕೋಲ್ನಿಕ್ ಮತ್ತು ಅವರ ಸಂಗಡಿಗರು 1994ರಲ್ಲಿ ಅದನ್ನು ಓದಿ ಮುಗಿಸಿದರು. ಅಲ್ಲಿನ ಮಾರ್ಮನ್ ಕುಟುಂಬಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ವಂಶಾವಳಿಗಳು ಅವರಿಗೆ ನೆರವಾದವು. ಸರ್ಕಾರಿ ಸಂಸ್ಥೆಯ ವಿಜ್ಞಾನಿಗಳೂ ಆ ಕೆಲಸದಲ್ಲಿ ಇದ್ದರು. ಮರುವರ್ಷ ಇಂಗ್ಲೆಂಡಿನ ಮೈಕೆಲ್ ಸ್ಟ್ರಾಟನ್ ತಂಡ ಎರಡನೆಯದನ್ನು, ಅಂದರೆ ಬಿಆರ್‌ಸಿಎ2 ಅನ್ನು ಪ್ರಕಟಿಸಿತು. ಹೀಗೆ ಕುಟುಂಬಗಳು ರಕ್ತವನ್ನೂ ತಮ್ಮ ಮನೆಯ ಸಾವುಗಳ ಲೆಕ್ಕವನ್ನೂ ಕೊಟ್ಟವು. ಪೇಟೆಂಟ್ ಬಂದದ್ದು ಮಾತ್ರ ಸ್ಕೋಲ್ನಿಕ್ ಸೇರಿ ಕಟ್ಟಿದ ಮಿರಿಯಡ್ ಜೆನೆಟಿಕ್ಸ್ ಕಂಪನಿಗೆ.

ಈ ಎರಡರಲ್ಲಿ ಹಾನಿಕರ ದೋಷವೊಂದು ಇದ್ದರೆ, ಆ ಹೆಣ್ಣಿಗೆ 80ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ 100ಕ್ಕೆ ಸುಮಾರು 70. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಹೆಚ್ಚು. ದೋಷ ತಾಯಿಯಿಂದ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ತಿಳಿದರೆ ತಪಾಸಣೆಯನ್ನು ಬೇಗ ಆರಂಭಿಸಬಹುದು, ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬಹುದು. ಹಾಗಾಗಿ ಪರೀಕ್ಷೆ ಯಾರ ಕೈಯಲ್ಲಿದೆ ಎಂಬುದು ಜೀವದ ಪ್ರಶ್ನೆ.

ಅಮೆರಿಕದಲ್ಲಿ ಅದು ಒಬ್ಬರ ಕೈಯಲ್ಲೇ ಉಳಿಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅರೂಪಾ ಗಂಗೂಲಿ ಮತ್ತು ಹೇಗ್ ಕಜಾಜಿಯನ್ ನಡೆಸುತ್ತಿದ್ದ ಪರೀಕ್ಷೆ, 1990ರ ದಶಕದ ಕೊನೆಯಲ್ಲಿ ಕಂಪನಿಯ ಪತ್ರಗಳು ಬಂದ ಮೇಲೆ ನಿಂತುಹೋಯಿತು. ಪರೀಕ್ಷೆಯ ಬೆಲೆ 3,000 ಡಾಲರ್ ದಾಟಿತು. ಮ್ಯಾಸಚೂಸೆಟ್ಸ್‌ನ ಒಬ್ಬ ತಾಯಿಗೆ ಎರಡೂ ಸ್ತನಗಳಲ್ಲಿ ಕ್ಯಾನ್ಸರ್ ಇತ್ತು. ಆಕೆಯ ಸರ್ಕಾರಿ ವಿಮೆಯನ್ನು ಕಂಪನಿ ಒಪ್ಪಲಿಲ್ಲ. ಇನ್ನೊಬ್ಬಾಕೆ ಅಂಡಾಶಯ ತೆಗೆಸುವ ಮುನ್ನ ಫಲಿತಾಂಶವನ್ನು ಬೇರೆ ಕಡೆ ಖಚಿತಪಡಿಸಿಕೊಳ್ಳಬೇಕೆಂದರು; ಬೇರೆ ಕಡೆ ಎಂಬುದೇ ಇರಲಿಲ್ಲ.

2009ರಲ್ಲಿ ಇಂಥ ಮಹಿಳೆಯರು, ಗಂಗೂಲಿ ಅವರಂಥ ವಿಜ್ಞಾನಿಗಳು ಮತ್ತು ವೈದ್ಯರ ಸಂಘಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದಾಗ ಕಂಪನಿಯ ವಕೀಲರು ಬೇಸ್‌ಬಾಲ್ ಬ್ಯಾಟಿನ ಉದಾಹರಣೆ ಕೊಟ್ಟರು: ಮರದಿಂದ ಬೇರ್ಪಡಿಸುವವರೆಗೆ ಬ್ಯಾಟ್ ಇರುವುದಿಲ್ಲ, ಎಲ್ಲಿ ಕಡಿಯಬೇಕೆಂದು ನಿರ್ಧರಿಸುವುದು ಮನುಷ್ಯನ ಜಾಣ್ಮೆ. ನ್ಯಾಯಾಲಯ ಒಪ್ಪಲಿಲ್ಲ. 2013ರ ಜೂನ್ 13ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಪ್ರಕೃತಿಯಲ್ಲಿರುವ ಡಿಎನ್‌ಎ ತುಣುಕನ್ನು ಬರಿದೇ ಬೇರ್ಪಡಿಸಿದರೆ ಅದು ಆವಿಷ್ಕಾರವಾಗದು. ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ಪ್ರತಿಗೆ ಮಾತ್ರ ಪೇಟೆಂಟ್ ಸಿಗಬಹುದು. ಒಂದು ತಿಂಗಳ ಹಿಂದಷ್ಟೇ ನಟಿ ಆಂಜಲೀನಾ ಜೋಲಿ ತಮ್ಮ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯುತ್ತಾ, ಪರೀಕ್ಷೆಯ ಬೆಲೆ ಅನೇಕ ಹೆಂಗಸರಿಗೆ ಅಡ್ಡಿಯಾಗಿದೆ ಎಂದಿದ್ದರು. ತೀರ್ಪು ಬಂದ ಬೆನ್ನಿಗೇ ಬೇರೆ ಪ್ರಯೋಗಾಲಯಗಳು ಕಡಿಮೆ ಬೆಲೆಯ ಪರೀಕ್ಷೆ ಘೋಷಿಸಿದವು. 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟೂ ಇದೇ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಆದರೆ ಡಿಎನ್‌ಎ ಅಕ್ಷರಗಳನ್ನು ಓದುವುದು ಬೇರೆ, ಅರ್ಥ ಹೇಳುವುದು ಬೇರೆ. ಪ್ರತಿಯೊಬ್ಬರ ವಂಶವಾಹಿಯಲ್ಲೂ ಚಿಕ್ಕಪುಟ್ಟ ವ್ಯತ್ಯಾಸಗಳಿರುತ್ತವೆ. ಯಾವುದು ಅಪಾಯಕಾರಿ, ಯಾವುದು ನಿರುಪದ್ರವಿ ಎಂದು ತಿಳಿಯಲು ಸಾವಿರಾರು ಜನರ ಫಲಿತಾಂಶಗಳನ್ನು ಹೋಲಿಸಬೇಕು. ಅಮೆರಿಕದಲ್ಲಿ ಅಂಥ ದೊಡ್ಡ ಸಂಗ್ರಹ ಬೆಳೆದದ್ದು ಏಕಸ್ವಾಮ್ಯದ ವರ್ಷಗಳಲ್ಲಿ, ಅದೇ ಕಂಪನಿಯಲ್ಲಿ. 2004ರ ಹೊತ್ತಿಗೆ ಕಂಪನಿ ತನ್ನ ಮಾಹಿತಿಯನ್ನು ಸಾರ್ವಜನಿಕ ಭಂಡಾರಕ್ಕೆ ಕೊಡುವುದನ್ನು ನಿಲ್ಲಿಸಿತ್ತು. ಪೇಟೆಂಟ್ ಬಿದ್ದರೂ ಆ ಬೀಗ ತೆರೆಯಲಿಲ್ಲ. ವೈದ್ಯರೂ ರೋಗಿಗಳೂ ತಮ್ಮ ಕೈಯಲ್ಲಿದ್ದ ವರದಿಗಳನ್ನೇ, ಹೆಸರು ಅಳಿಸಿ, ಸಾರ್ವಜನಿಕ ಭಂಡಾರಗಳಿಗೆ ಒಪ್ಪಿಸತೊಡಗಿದರು.

ಇದು ನಮಗೂ ತಾಗುವ ಮಾತು. ಇಂದು ಬೆಂಗಳೂರಿನಲ್ಲೇ ಈ ಪರೀಕ್ಷೆ ಮಾಡುವ ಪ್ರಯೋಗಾಲಯಗಳಿವೆ. ಆದರೆ ಜಗತ್ತಿನಲ್ಲಿ ಸೇರಿರುವ ಮಾಹಿತಿಯಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದ ಹೆಂಗಸರದು. ನಮ್ಮ ಹೆಂಗಸರ ವ್ಯತ್ಯಾಸಗಳು ಅಲ್ಲಿ ಕಡಿಮೆ ದಾಖಲಾಗಿರುವುದರಿಂದ, 'ಅರ್ಥ ಖಚಿತವಿಲ್ಲ' ಎಂಬ ವರದಿ ಇಲ್ಲಿನವರ ಕೈಗೆ ಬರುವ ಸಂಭವ ಹೆಚ್ಚು. ದುಡ್ಡು ಹೊಂದಿಸಿ ಪರೀಕ್ಷೆ ಮಾಡಿಸಿಕೊಂಡವಳಿಗೂ ಉತ್ತರ ಸಿಗದೆ ಹೋಗಬಹುದು.

ಬ್ರೋಕಾ ಒಂದೇ ಮನೆಯ ಲೆಕ್ಕ ಬರೆದರು, ಅದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಓದಲು ಬಿಟ್ಟರು. ಕಿಂಗ್ 23 ಮನೆಗಳ ಲೆಕ್ಕವನ್ನು ಹಾಗೆಯೇ ಬಿಟ್ಟುಕೊಟ್ಟರು. ನ್ಯಾಯಾಲಯ ಬಿಡಿಸಿಕೊಟ್ಟದ್ದು ವಂಶವಾಹಿಯನ್ನು. ಅದರ ಅರ್ಥ ಇನ್ನೂ ಪೂರ್ತಿ ಬಿಡುಗಡೆಯಾಗಿಲ್ಲ.