ಬೆಳ್ಳಿ ಪದಕದ ಅಂಚು

ಹಳೆಯ ನಾಣ್ಯ ಸಂಗ್ರಹಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಪತ್ರಿಕೆಗಳ ಹೆಸರಿನಲ್ಲಿ ಟಂಕಿಸಿದ ಬೆಳ್ಳಿ ಪದಕಗಳನ್ನು ಹುಡುಕಿ ಕೂಡಿಡುವವರೂ ಇದ್ದಾರೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಫ್ರಾನ್ಸಿನಲ್ಲಿ ಇಂತಹ ಪದಕಗಳ ಹಿಂದೆ ಅಭಿಮಾನದಷ್ಟೇ ವ್ಯಾಪಾರವೂ ಇತ್ತು.

1836ರ ಜುಲೈ 1ರಂದು ಪ್ಯಾರಿಸ್‌ನಲ್ಲಿ ಎರಡು ದಿನಪತ್ರಿಕೆಗಳು ಒಟ್ಟಿಗೆ ಆರಂಭವಾದವು: ಎಮಿಲ್ ದ ಜಿರಾರ್ದಾಂ ಅವರ 'ಲಾ ಪ್ರೆಸ್' ಮತ್ತು ಅದರ ಪ್ರತಿಸ್ಪರ್ಧಿ 'ಲ ಸಿಯೆಕ್ಲ್'. ವಾರ್ಷಿಕ ಚಂದಾ 80 ಫ್ರಾಂಕ್ ಇದ್ದ ಕಾಲದಲ್ಲಿ ಇವು 40 ಫ್ರಾಂಕಿಗೆ ಪತ್ರಿಕೆ ಕೊಟ್ಟವು. ಕೊರತೆಯನ್ನು ಜಾಹೀರಾತಿನಿಂದ ತುಂಬಿಸಿಕೊಳ್ಳುವ ಲೆಕ್ಕಾಚಾರ ಅದು. ಬಂಡವಾಳ ಬಂದದ್ದು ಷೇರುದಾರರಿಂದ. ಹೀಗೆ ಪತ್ರಿಕೆಯೂ ಒಂದು ಕಂಪೆನಿಯಾಯಿತು. ಸಭೆಗೆ ಬಂದವರಿಗೆ ಬೆಳ್ಳಿಯ ಬಿಲ್ಲೆ ಕೊಡುವುದು ಅಂದಿನ ಫ್ರೆಂಚ್ ಕಂಪೆನಿಗಳ ರೂಢಿ. 'ಜೆತೋಂ ದ ಪ್ರೆಸಾನ್ಸ್' ಎಂದರೆ ಹಾಜರಾತಿ ಬಿಲ್ಲೆ. ಹಲವು ಎಂಟು ಮೂಲೆಯವು. ಬಿಲ್ಲೆ ಹೋದ ಮೇಲೂ ನಿರ್ದೇಶಕರ ಸಭಾ ಭತ್ಯೆಗೆ ಅದೇ ಹೆಸರು ಉಳಿಯಿತು. 2019ರಲ್ಲಷ್ಟೇ ಕಾನೂನು ಆ ಪದವನ್ನು ಕೈಬಿಟ್ಟಿತು. (ನಮ್ಮ ಮಹಾಸಭೆಗೂ ಇಂತಹ ಏರ್ಪಾಡಿದ್ದಿದ್ದರೆ ಕೋರಂ ಕೊರತೆ ಬರುತ್ತಿರಲಿಲ್ಲವೇನೋ!)

ಪದಕ ಕೈಗೆ ಬಂದಾಗ ಹೊಸಬರು ಅದರ ಮುಖ ನೋಡುತ್ತಾರೆ. ಅನುಭವಿಗಳು ಅಂಚು ನೋಡುತ್ತಾರೆ. 1832ರಿಂದ ಪ್ಯಾರಿಸ್ ಟಂಕಸಾಲೆಯು ಪದಕಗಳ ಅಂಚಿನಲ್ಲಿ ಸಣ್ಣ ಗುರುತೊಂದನ್ನು ಒತ್ತಲಾರಂಭಿಸಿತು. ಮೊದಲು ದೀಪ, 1841ರಲ್ಲಿ ಲಂಗರು, ಮರುವರ್ಷ ಹಡಗಿನ ಮೂತಿ, 1845ರಿಂದ 1860ರವರೆಗೆ ಬೆರಳು ತೋರುವ ಕೈ, ಬಳಿಕ ಜೇನುನೊಣ, 1880ರಿಂದ ಹಣ್ಣುಹಂಪಲು ತುಂಬಿದ ಕೊಂಬು. ಜೊತೆಗೆ ಲೋಹದ ಹೆಸರು, ಬೆಳ್ಳಿಗೆ 'ಆರ್ಜಾಂ'. ಇದೇಕೆ ಮುಖ್ಯವೆಂದರೆ, ಟಂಕಸಾಲೆ ಹಳೆಯ ಅಚ್ಚುಗಳನ್ನು ಕಾದಿರಿಸಿ, ಬೇಡಿಕೆ ಬಂದಾಗ ಮತ್ತೆ ಪದಕ ಒತ್ತುತ್ತಿತ್ತು. 1830ರ ಜುಲೈನಲ್ಲಿ ಹತ್ತನೇ ಚಾರ್ಲ್ಸ್ ದೊರೆ ಪತ್ರಿಕಾ ಸ್ವಾತಂತ್ರ್ಯವನ್ನು ರದ್ದುಪಡಿಸಿದಾಗ 44 ಪತ್ರಕರ್ತರು ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದರು. ದಂಗೆಯೆದ್ದು ದೊರೆಯೇ ಸಿಂಹಾಸನ ಕಳೆದುಕೊಂಡ. ಆ ಘಟನೆಯ ಪದಕದ ಮುಖದಲ್ಲಿ 1830 ಎಂದಿದ್ದು ಅಂಚಿನಲ್ಲಿ ಜೇನುನೊಣವಿದ್ದರೆ, ಅದು ಕನಿಷ್ಠ 30 ವರ್ಷ ತಡವಾಗಿ ಹುಟ್ಟಿದ್ದು. ನಕಲಿಯಲ್ಲ, ಆದರೆ ಸಾಕ್ಷಿಯೂ ಅಲ್ಲ. ಹದೀಸಿನ ಮಾತಿನೊಂದಿಗೆ ಸನದನ್ನೂ ಪರಿಶೀಲಿಸುವುದನ್ನು ಕಲಿತ ವಿದ್ಯಾರ್ಥಿಗೆ ಈ ಎಚ್ಚರ ಹೊಸದೇನಲ್ಲ.

ಕಪ್ಪಾದ ಬೆಳ್ಳಿಯನ್ನು ಪುಡಿ ಹಾಕಿ ಉಜ್ಜುವುದು ಮಾತ್ರ ಬೇಡ. ಹೊಳಪು ಬರುತ್ತದೆ, ಸೂಕ್ಷ್ಮ ಗೆರೆಗಳು ಹೋಗುತ್ತವೆ.

ಹಣವಿದ್ದ ಪತ್ರಿಕೆಗಳು ಬೆಳ್ಳಿ ಬಿಟ್ಟುಹೋದವು. ಎಲ್ಲ ಪತ್ರಿಕೆಗಳಿಗೂ ಆ ಭಾಗ್ಯವಿರಲಿಲ್ಲ. 1884ರಲ್ಲಿ ಅದೇ ಪ್ಯಾರಿಸ್‌ನಿಂದ ಜಮಾಲುದ್ದೀನ್ ಅಫ್ಘಾನಿ ಮತ್ತು ಮುಹಮ್ಮದ್ ಅಬ್ದು 'ಅಲ್ ಉರ್ವತುಲ್ ವುಸ್ಕಾ' ಎಂಬ ಅರಬಿ ಪತ್ರಿಕೆ ಹೊರಡಿಸಿದರು. ಬ್ರಿಟಿಷರು ಅದನ್ನು ಈಜಿಪ್ಟಿನಲ್ಲೂ ಭಾರತದಲ್ಲೂ ತಡೆದರು. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ 18 ಸಂಚಿಕೆ ಬಂದು ನಿಂತುಹೋಯಿತು. ಅದನ್ನು ಹುಡುಕುವವರು ಪದಕದ ಪೆಟ್ಟಿಗೆ ಬಿಟ್ಟು ಗ್ರಂಥಾಲಯಕ್ಕೆ ಹೋಗಬೇಕು. ಸಂಚಿಕೆಗಳೆಲ್ಲ ಮುಂದೆ ಪುಸ್ತಕವಾಗಿ ಮರುಮುದ್ರಣಗೊಂಡಿವೆ.