ಗ್ರಾಫೀನ್ ಶೋಧದ ವೃತ್ತಾಂತ: ಪತ್ರಿಕೆಗಳ ಕಥೆಯೂ ಮೂಲಲೇಖಗಳ ಸಾಕ್ಷ್ಯವೂ

ವಿಜ್ಞಾನದ ಶೋಧಗಳು ಜನಸಾಮಾನ್ಯರಿಗೆ ತಿಳಿದುಬರುವುದು ಹೆಚ್ಚಾಗಿ ವೃತ್ತಪತ್ರಿಕೆಗಳ ಮುಖಾಂತರವೇ. ಪ್ರಯೋಗಶಾಲೆಯಿಂದ ಪತ್ರಿಕೆಯವರೆಗಿನ ಪ್ರಯಾಣದಲ್ಲಿ ಶೋಧದ ಕಾಲವೂ ಕರ್ತೃತ್ವವೂ ಪರಿಮಾಣವೂ ಎಷ್ಟರಮಟ್ಟಿಗೆ ಮಾರ್ಪಡುವುವೆಂಬುದಕ್ಕೆ ಗ್ರಾಫೀನಿನ ಚರಿತ್ರೆಯು ತಕ್ಕ ನಿದರ್ಶನವಾಗಿದೆ. ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಟ್ಕೋಣಾಕಾರವಾಗಿ ಹೆಣೆದುಕೊಂಡು ಆದ, ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಹಾಳೆಗೆ ಗ್ರಾಫೀನ್ ಎಂದು ಹೆಸರು. ಸೀಸದಕಡ್ಡಿಯಲ್ಲಿರುವ ಗ್ರಾಫೈಟು ಇಂತಹ ಹಾಳೆಗಳ ರಾಶಿಯೇ ಆಗಿದೆ. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಸುಮಾರು ೩೦ ಲಕ್ಷ ಪದರಗಳಿರುವುವು.

೨೦೧೦ನೆಯ ಇಸವಿಯಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟೀನ್ ನೋವೊಸೆಲೋವ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ದೊರೆಯಿತು. ಆಗ ಪತ್ರಿಕೆಗಳಲ್ಲಿ ಹರಡಿದ ಕಥೆಯ ಸಾರಾಂಶವಿಷ್ಟು: ಶುಕ್ರವಾರದ ಸಂಜೆಗಳಲ್ಲಿ ವಿನೋದಕ್ಕಾಗಿ ಪ್ರಯೋಗಮಾಡುತ್ತಿದ್ದ ಇಬ್ಬರು ವಿದ್ವಾಂಸರು ಅಂಟುಟೇಪಿನಿಂದ ಗ್ರಾಫೈಟನ್ನು ಸುಲಿಯುತ್ತ ಹೋಗಿ, ೨೦೦೪ರಲ್ಲಿ, ಲೋಕವೇ ಅರಿಯದಿದ್ದ ಪದಾರ್ಥವೊಂದನ್ನು ಕಂಡುಹಿಡಿದರು. ಈ ಕಥೆಯಲ್ಲಿ ಸುಳ್ಳು ಸ್ವಲ್ಪ, ಬಿಟ್ಟುಹೋದುದು ಬಹಳ.

ಮೂಲಲೇಖಗಳನ್ನು ನೋಡಿದರೆ ಈ ಚರಿತ್ರೆಯು ಒಂದೂವರೆ ಶತಮಾನ ಹಿಂದಕ್ಕೆ ಹೋಗುತ್ತದೆ. ೧೮೫೯ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿಯವರು ಗ್ರಾಫೈಟನ್ನು ಪೊಟಾಸಿಯಂ ಕ್ಲೋರೇಟು ಮತ್ತು ನೈಟ್ರಿಕ್ ಆಮ್ಲಗಳಿಂದ ಸಂಸ್ಕರಿಸಿ, ಇಂಗಾಲದ ಹೊಸ ರೂಪವೊಂದು ದೊರೆಯಿತೆಂದು ನಂಬಿ ಅದನ್ನು 'ಗ್ರಾಫಾನ್' ಎಂದು ಕರೆದರು. ೧೯೪೭ರಲ್ಲಿ ಕೆನಡದ ಫಿಲಿಪ್ ವಾಲೆಸರು ಗ್ರಾಫೈಟಿನ ವಿದ್ಯುದ್ಗುಣಗಳನ್ನು ವಿವರಿಸುವುದಕ್ಕಾಗಿ ಮೊದಲು ಅದರ ಒಂಟಿ ಪದರದ ಗಣಿತವನ್ನು ಬಿಡಿಸಿದರು. ೧೯೬೨ರಲ್ಲಿ ಜರ್ಮನಿಯ ಹಾನ್ಸ್ ಪೀಟರ್ ಬೋಮ್ ಮತ್ತು ಅವರ ಸಹೋದ್ಯೋಗಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅತಿ ತೆಳುವಾದ ಇಂಗಾಲದ ಚೂರುಗಳನ್ನು ಕಂಡು, ಅವುಗಳಲ್ಲಿ ಕೆಲವು ಏಕಪದರದವೆಂದು ನಿರ್ಣಯಿಸಿದರು. ೧೯೮೬ರಲ್ಲಿ 'ಗ್ರಾಫೀನ್' ಎಂಬ ಹೆಸರನ್ನು ಸೂಚಿಸಿದವರೂ ಬೋಮ್ ಮತ್ತು ಅವರ ಸಂಗಡಿಗರೇ. ಪತ್ರಿಕೆಗಳ ಕಾಲಗಣನೆಯನ್ನು ಒಪ್ಪುವುದಾದರೆ, ಕೂಸು ಹುಟ್ಟುವುದಕ್ಕೆ ೧೮ ವರ್ಷ ಮುಂಚೆಯೇ ನಾಮಕರಣವು ನಡೆದುಹೋಗಿತ್ತೆನ್ನಬೇಕಾಗುವುದು.

ಈ ಪೂರ್ವಸೂರಿಗಳನ್ನು ಗೈಮರು ಮರೆಮಾಚಲಿಲ್ಲ. ತಮ್ಮ ನೊಬೆಲ್ ಉಪನ್ಯಾಸದಲ್ಲಿ ಬ್ರೋಡಿಯವರನ್ನೂ ಬೋಮರನ್ನೂ ಅವರು ಹೆಸರೆತ್ತಿ ಸ್ಮರಿಸಿದ್ದಾರೆ. ಗ್ರಾಫೈಟಿನ ಮೇಲ್ಮೈಯನ್ನು ಶುಚಿಗೊಳಿಸಲು ಬಳಸಿ ಬಿಸುಡುತ್ತಿದ್ದ ಅಂಟುಟೇಪಿನ ಕಡೆಗೆ ತಮ್ಮ ಗಮನವನ್ನು ಸೆಳೆದವರು ಒಲೆಗ್ ಶ್ಕ್ಲ್ಯಾರೆವ್‌ಸ್ಕಿಯೆಂಬ ಸಹೋದ್ಯೋಗಿಯೆಂದೂ ಅಲ್ಲಿಯೇ ಹೇಳಿದ್ದಾರೆ. ಕರ್ತೃವು ಋಣವನ್ನು ಒಪ್ಪಿಕೊಂಡರೂ ಕಥೆಯು ಒಪ್ಪಿಕೊಳ್ಳಲಿಲ್ಲ.

ಹಾಗಾದರೆ ೨೦೦೪ರ ಲೇಖನದಲ್ಲಿ ಹೊಸತೇನು? ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆಯು ಸಾಮಾನ್ಯ ವಾತಾವರಣದಲ್ಲಿ ಕೆಡದೆ ನಿಲ್ಲುವುದೆಂಬುದನ್ನೂ, ಅದರಲ್ಲಿನ ವಿದ್ಯುತ್ಪ್ರವಾಹವನ್ನು ಹೊರಗಿನ ವಿದ್ಯುತ್ ಕ್ಷೇತ್ರದಿಂದ ಹತೋಟಿಯಲ್ಲಿಡಬಹುದೆಂಬುದನ್ನೂ ಆ ಲೇಖನವು ತೋರಿಸಿತು. ೨೦೦೫ರಲ್ಲಿ ಮ್ಯಾಂಚೆಸ್ಟರಿನವರೂ ಕೊಲಂಬಿಯ ವಿಶ್ವವಿದ್ಯಾನಿಲಯದ ಫಿಲಿಪ್ ಕಿಮ್‌ರ ತಂಡದವರೂ ಏಕಪದರದ ವಿಶಿಷ್ಟ ಗುಣಗಳನ್ನು ಬೇರೆಬೇರೆಯಾಗಿ ಪ್ರಕಟಿಸಿದರು. ೨೦೧೦ರ ನವೆಂಬರಿನಲ್ಲಿ ಅಮೆರಿಕದ ವಾಲ್ಟ್ ಡಿ ಹೀರ್‌ರವರು ನೊಬೆಲ್ ಸಮಿತಿಗೆ ಪತ್ರ ಬರೆದು, ಸಮಿತಿಯ ಹಿನ್ನೆಲೆಯ ಲೇಖನದಲ್ಲಿಯೇ ಈ ಎರಡು ಹಂತಗಳು ಬೆರೆತುಹೋಗಿರುವುವೆಂದು ಆಕ್ಷೇಪಿಸಿದರು. ಕೆಲವು ತಪ್ಪುಗಳನ್ನು ಬಳಿಕ ತಿದ್ದಲಾಯಿತು. ಕಾಲಕ್ರಮದಲ್ಲಿ ಇಂತಹ ಪ್ರಮಾದವು ಪಂಡಿತರ ಬರಹಕ್ಕೂ ನುಸುಳಬಲ್ಲುದು.

ಪರಿಮಾಣದ ವಿಷಯವೂ ಹೀಗೆಯೇ. ೨೦೦೮ರಲ್ಲಿ ಕೊಲಂಬಿಯದ ವಿಜ್ಞಾನಿಗಳು ಗ್ರಾಫೀನಿನ ಬಲವನ್ನು ಅಳೆದು, ಅದು ಅದುವರೆಗೆ ಅಳೆದ ಪದಾರ್ಥಗಳಲ್ಲೆಲ್ಲ ದೃಢವಾದುದೆಂದು ಸಾರಿದರು. ಆದರೆ ಅವರು ಒತ್ತಿ ನೋಡಿದುದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಅಗಲದ ರಂಧ್ರಗಳ ಮೇಲೆ ಹಾಸಿದ, ದೋಷರಹಿತವಾದ ಪೊರೆಯನ್ನು. ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಷ್ಟು ದಪ್ಪದ ಗ್ರಾಫೀನನ್ನು ತೂತುಮಾಡಲು ಸೀಸದಕಡ್ಡಿಯ ಮೇಲೆ ಆನೆಯನ್ನು ನಿಲ್ಲಿಸಬೇಕೆಂಬ ಪ್ರಸಿದ್ಧವಾದ ಉಪಮಾನವು ಪತ್ರಿಕೆಯವರ ಕಲ್ಪನೆಯಲ್ಲ, ಸಂಶೋಧಕರಲ್ಲೊಬ್ಬರ ಮಾತು. ಪತ್ರಿಕೆಗಳಲ್ಲಿ ಆನೆಯು ಉಳಿಯಿತು, ರಂಧ್ರದ ಅಳತೆ ಹೋಯಿತು.

ಇದರ ಫಲವು ಕೇವಲ ಮಾತಿನದಲ್ಲ. ೨೦೧೩ರಲ್ಲಿ ಯೂರೋಪಿನ ಒಕ್ಕೂಟವು ಗ್ರಾಫೀನಿಗಾಗಿ ೧೦೦ ಕೋಟಿ ಯೂರೋಗಳ, ೧೦ ವರ್ಷಗಳ ಯೋಜನೆಯನ್ನು ಕೈಗೊಂಡಿತು. ಮಾರುಕಟ್ಟೆಯಲ್ಲಿಯೂ ಆ ಹೆಸರಿಗೆ ಬೆಲೆಬಂದಿತು. ೨೦೧೮ರಲ್ಲಿ ಸಿಂಗಪುರದ ಸಂಶೋಧಕರು ೬೦ ಉತ್ಪಾದಕರ ಸರಕನ್ನು ಪರೀಕ್ಷಿಸಲಾಗಿ, ಬಹುಪಾಲಿನಲ್ಲಿ ನಿಜವಾದ ಗ್ರಾಫೀನು ನೂರಕ್ಕೆ ೧೦ ಪಾಲಿಗಿಂತಲೂ ಕಡಿಮೆಯಾಗಿತ್ತು. ಉಳಿದುದು ಹೆಚ್ಚಾಗಿ ದಪ್ಪನಾದ ಗ್ರಾಫೈಟಿನ ಪುಡಿ. ಹೆಸರು ವಸ್ತುವನ್ನು ಮೀರಿ ಬೆಳೆದಿತ್ತು.

ಕವಿಚರಿತ್ರೆಯನ್ನು ಶೋಧಿಸುವವರಿಗೆ ಈ ಪರಿಯು ಅಪರಿಚಿತವಲ್ಲ. ಐತಿಹ್ಯವು ಒಬ್ಬ ನಾಯಕನನ್ನೂ ಒಂದು ದಿನವನ್ನೂ ಒಂದು ಅದ್ಭುತವನ್ನೂ ಬಯಸುತ್ತದೆ. ಶಾಸನವು ಹಲವು ಕೈಗಳನ್ನೂ ಹಲವು ಕಾಲಗಳನ್ನೂ ತೋರಿಸುತ್ತದೆ. ಐತಿಹ್ಯವನ್ನು ತಳ್ಳಿಹಾಕಬೇಕಾಗಿಲ್ಲ, ಶಾಸನದ ಪಕ್ಕದಲ್ಲಿಟ್ಟು ಓದಬೇಕಾಗಿದೆ. ಗ್ರಾಫೀನಿನ ವಿಷಯದಲ್ಲಿ ಆ ಶಾಸನವು ಸಂಶೋಧಕರ ಮೂಲಲೇಖನವೇ ಆಗಿದ್ದು, ಓದುವವರಿಗಾಗಿ ಕಾದಿದೆ.