ಹಳೆಯ ಧ್ವನಿವರ್ಧಕಗಳ ಆಯುಷ್ಯ: ಒಂದು ಐತಿಹಾಸಿಕ ಅವಲೋಕನ

ಧ್ವನಿವರ್ಧಕವೆಂದೊಡನೆ ನಮ್ಮ ವಾಚಕರ ಕಣ್ಣೆದುರಿಗೆ ಬರುವುದು ವಾರ್ಷಿಕ ಹಬ್ಬದ ದಿನ ತೆಂಗಿನ ಮರಕ್ಕೆ ಬಿಗಿದ ತಗಡಿನ ತುತ್ತೂರಿ. ನಾವಿಲ್ಲಿ ಹೇಳಹೊರಟಿರುವುದು ಅದೇ ಕುಲದ ಇನ್ನೊಂದು ಶಾಖೆಯ ಕಥೆಯನ್ನು. ಮನೆಯೊಳಗಿಟ್ಟು ಸಂಗೀತ ಕೇಳಲೆಂದು ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ನಿರ್ಮಾಣವಾದ, ಅರ್ಧ ಶತಮಾನ ಕಳೆದ ಮೇಲೂ ಒಡೆಯರು ಬಿಟ್ಟುಕೊಡಲೊಪ್ಪದ ಉತ್ತಮ ದರ್ಜೆಯ ಧ್ವನಿವರ್ಧಕಗಳ ಕಥೆ ಇದು. ಅವುಗಳಲ್ಲಿ ಕೆಲವು ಇಂದಿಗೂ ಹಾಡುತ್ತಿರುವುದೇಕೆ, ಅವಕ್ಕಿಂತ ಇಪ್ಪತ್ತು ವರ್ಷ ಕಿರಿಯವಾದವು ಮೊದಲೇ ಕೆಟ್ಟುಹೋದುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲ್ಲಾಗ್ ಎಂಬ ಇಂಜಿನಿಯರರು ವಿವರಿಸಿದ ರಚನೆಯೇ ಬಹುಮಟ್ಟಿಗೆ ಇಂದಿಗೂ ಉಳಿದುಬಂದಿದೆ. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿ. ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು. ಶಂಕುವಿನ ಹೊರಸುತ್ತನ್ನು ಚೌಕಟ್ಟಿಗೆ ಸೇರಿಸುವ ಅಂಚಿನ ಪಟ್ಟಿ. ವಿದ್ಯುತ್ತು ಹರಿದಂತೆ ಸುರುಳಿಯು ಹಿಂದೆ ಮುಂದೆ ಚಲಿಸುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ, ನಾವು ಸ್ವರವನ್ನು ಕೇಳುತ್ತೇವೆ. ಬೆರಳಗಲದ ಆ ಅಂಚಿನ ಪಟ್ಟಿಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಯೆಲ್ಲ ಅದನ್ನೇ ಸುತ್ತುತ್ತದೆ.

ಗೈ ಫೌಂಟನ್ ಎಂಬವರು 1926ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಂಸ್ಥೆಗೆ, ಅಲ್ಲಿನ ವಿದ್ಯುತ್ ಉಪಕರಣದಲ್ಲಿ ಬಳಸುತ್ತಿದ್ದ ಟ್ಯಾಂಟಲಮ್ ಮಿಶ್ರಲೋಹದಿಂದ ಟ್ಯಾನಾಯ್ ಎಂಬ ಹೆಸರು ಬಂತು. ಇಂಗ್ಲೆಂಡಿನಲ್ಲಿ ಸಭೆ, ನಿಲ್ದಾಣಗಳ ಧ್ವನಿವರ್ಧಕಕ್ಕೆಲ್ಲ ಇದೇ ಹೆಸರು ರೂಢಿಯಾಯಿತು. 1947ರಲ್ಲಿ ಈ ಸಂಸ್ಥೆಯು ಡ್ಯುಯಲ್ ಕಾನ್ಸೆಂಟ್ರಿಕ್ ಎಂಬ 15 ಅಂಗುಲದ ಯಂತ್ರವನ್ನು ಹೊರತಂದಿತು. ಮಂದ್ರಕ್ಕೆ ದೊಡ್ಡ ಶಂಕು, ತಾರಕ್ಕೆ ಅದರ ನಡುವಿನಿಂದಲೇ ಹೊರಡುವ ಕಹಳೆ. ಎರಡೂ ಒಂದೇ ಸ್ಥಾನದಿಂದ ಕೇಳಿಬರುತ್ತವೆ. ಕಪ್ಪು, ಬೆಳ್ಳಿ, ಕೆಂಪು, ಚಿನ್ನವೆಂದು ಬಣ್ಣಗಳಿಂದ ಹೆಸರು ಪಡೆದ ಮಾದರಿಗಳಲ್ಲಿ ಈ 15 ಅಂಗುಲದವುಗಳ ಅಂಚು ಗಟ್ಟಿ ಮಡಿಕೆಯದಾಗಿತ್ತು. 1974ರಲ್ಲಿ ಬಂದ ಎಚ್.ಪಿ.ಡಿ. ಮಾದರಿಗೆ ಮೆತ್ತನೆಯ ಫೋಮಿನ ಅಂಚನ್ನು ಕೊಡಲಾಯಿತು. ಮಂದ್ರ ಸ್ವರ ಇನ್ನಷ್ಟು ಆಳಕ್ಕೆ ಇಳಿಯಬೇಕೆಂಬುದು ಉದ್ದೇಶ.

ಅತ್ತ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯನ್ನು ಸ್ಥಾಪಿಸಿದರು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದ ಆಳವಾದ ಸ್ವರವನ್ನು ಹೊರಡಿಸಿದ್ದು ವಿಲ್ಚರರ ಕೀರ್ತಿ. ಅವುಗಳ ಅಂಚು ಮೊದಲು ಬಟ್ಟೆಯದಾಗಿತ್ತು. 1970ರ ಸುಮಾರಿಗೆ ಅಲ್ಲಿಯೂ ಫೋಮ್ ಬಂತು.

ಈ ಫೋಮ್ ಪಾಲಿಯುರೆಥೇನ್ ಎಂಬ ವಸ್ತು. ಗಾಳಿಯ ತೇವ, ಓಜೋನ್, ಬೆಳಕು ಇವು ಅದನ್ನು ಒಳಗಿಂದೊಳಗೆ ಕೊಳೆಸುತ್ತವೆ. ಹತ್ತು ಹದಿನೈದು ವರ್ಷಗಳಲ್ಲಿ ಅದು ಅಂಟಂಟಾಗಿ, ಬೆರಳು ತಾಗಿದರೆ ಹಳೆಯ ರೊಟ್ಟಿಯಂತೆ ಪುಡಿಯಾಗುತ್ತದೆ. ನಮ್ಮ ಕರಾವಳಿಯಂಥ ತೇವದ ಹವೆಯಲ್ಲಿ ಅಷ್ಟು ಕಾಲವೂ ಬಾಳುವುದು ಕಷ್ಟ. ಹೀಗೆ ಸುಧಾರಣೆಯೆನಿಸಿದ್ದು ಮೊದಲು ಸತ್ತಿತು, ಹಳತೆನಿಸಿದ ಬಟ್ಟೆಯೂ ಗಟ್ಟಿ ಮಡಿಕೆಯೂ ಉಳಿದವು. ಇದಕ್ಕಾಗಿ ತಯಾರಕರನ್ನು ದೂಷಿಸುವುದು ಸರಿಯಲ್ಲ. ಐವತ್ತು ವರ್ಷ ಇಟ್ಟುಕೊಳ್ಳುವವರು ಇರುವರೆಂದು ಅವರು ಎಣಿಸಿರಲಿಕ್ಕಿಲ್ಲ.

ಅಂಚು ಹೋದೊಡನೆ ಧ್ವನಿವರ್ಧಕವನ್ನು ಎಸೆಯಬೇಕಾಗಿಲ್ಲ. ಹಳೆಯ ಫೋಮನ್ನು ಸ್ಪಿರಿಟಿನಿಂದ ತೇವಗೊಳಿಸಿ ಕೆರೆದು ತೆಗೆದು, ಹೊಸ ಪಟ್ಟಿಯನ್ನು ಮೊದಲು ಶಂಕುವಿಗೆ, ಆಮೇಲೆ ಚೌಕಟ್ಟಿಗೆ ಅಂಟಿಸಬೇಕು. ಸುರುಳಿಯು ಒಂದು ಮಿಲಿಮೀಟರಿಗೂ ಕಡಿಮೆ ಎಡೆಯಲ್ಲಿ ತೂಗುತ್ತಿರುವುದರಿಂದ, ಶಂಕು ಕೂದಲೆಳೆಯಷ್ಟು ಓರೆಯಾದರೂ ಸುರುಳಿ ಉಜ್ಜಿ ಕರಕರ ಸದ್ದು ಬರುತ್ತದೆ. ಆದುದರಿಂದ ತೆಳುವಾದ ಪಟ್ಟಿಗಳನ್ನು ಸಂದಿಯಲ್ಲಿ ತೂರಿಸಿ ಸುರುಳಿಯನ್ನು ನಡುವೆ ನಿಲ್ಲಿಸಿ, ಅಂಟು ಒಣಗುವತನಕ ಒಂದು ದಿನ ಮುಟ್ಟದೆ ಇಡಬೇಕು. ಪೆಟ್ಟಿಗೆಯೊಳಗಿನ ಕಂಡೆನ್ಸರುಗಳು ಒಣಗಿದ್ದರೆ ಅದೇ ಅಳತೆಯವನ್ನು ಹಾಕಬೇಕು. ಭಾರವಾದ ಶಂಕು ವರ್ಷಗಳ ಮೇಲೆ ಕೆಳಕ್ಕೆ ಜೋಲುವುದರಿಂದ ಅದನ್ನು ಬಿಚ್ಚಿ ತಲೆಕೆಳಗಾಗಿ ಕೂರಿಸುವವರೂ ಇದ್ದಾರೆ.

ಪೀಟರ್ ವಾಕರರು ಇಂಗ್ಲೆಂಡಿನ ಹಂಟಿಂಗ್‌ಡನ್ನಿನಲ್ಲಿ ನಿರ್ಮಿಸಿದ, 1957ರಿಂದ 1985ರವರೆಗೆ ತಯಾರಾದ ಕ್ವಾಡ್ ಮಾದರಿಗೆ ಈ ಪೀಡೆಯಿಲ್ಲ. ಅದರಲ್ಲಿ ಶಂಕುವೇ ಇಲ್ಲ. ರಂಧ್ರಗಳುಳ್ಳ ಫಲಕಗಳ ನಡುವೆ ಸಾವಿರಾರು ವೋಲ್ಟಿನ ತೆಳುಹಾಳೆ ಕಂಪಿಸುತ್ತದೆ. ಆದರೆ ಆ ವೋಲ್ಟೇಜೇ ಧೂಳನ್ನು ಎಳೆದುಕೊಳ್ಳುತ್ತದೆ, ತೇವವಿದ್ದಲ್ಲಿ ಸೋರಿಹೋಗುತ್ತದೆ. ಒಂದಿಲ್ಲೊಂದು ಕಾಟ ಎಲ್ಲಕ್ಕೂ ಉಂಟು.

ಅಯಸ್ಕಾಂತದ ವಿಷಯವೂ ಕೌತುಕಕರ. ಹಳೆಯವು ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಆಲ್ನಿಕೋ. 1978ರಲ್ಲಿ ಜೈರ್ ದೇಶದ ಶಾಬಾ ಪ್ರಾಂತದಲ್ಲಿ ಯುದ್ಧವಾಗಿ ಕೋಬಾಲ್ಟಿನ ಬೆಲೆ ವಿಪರೀತ ಏರಿತು. ತಯಾರಕರು ಅಗ್ಗದ ಫೆರೈಟಿಗೆ ತಿರುಗಿದರು. ಆಫ್ರಿಕಾದ ಗಣಿಯ ಸುದ್ದಿ ಲಂಡನ್ನಿನ ಬೈಠಕಖಾನೆಯ ಸಂಗೀತವನ್ನು ಮುಟ್ಟಿದ್ದು ಹೀಗೆ.

ವಿದೇಶದಿಂದ ಮರಳಿದ ಬಂಧುವೊಬ್ಬರು ನಮಗೆ ಬಿಟ್ಟುಹೋದ ಒಂದು ಅಮೆರಿಕನ್ ಜೋಡಿಯಿದೆ. ಎಡಗಡೆಯದರ ಫೋಮ್ ಉದುರಿದಾಗ, ಇನ್ನು ಮುಂದೆ ತೊಂದರೆಯೇ ಬೇಡವೆಂದು ನಾವೇ ಹಟಹಿಡಿದು ರಬ್ಬರಿನ ಅಂಚು ಹಾಕಿಸಿದೆವು. ಅದು ಗಟ್ಟಿ, ಭಾರ. ಚೇಲೋ ವಾದ್ಯದ ಕೆಳಸ್ವರಗಳು ಬಲಗಡೆ ತುಂಬಿ ಬಂದರೆ ಎಡಗಡೆ ಮೂಗಿನಿಂದ ಹಾಡಿದಂತಾಯಿತು. ಎರಡು ವರ್ಷ ಸಹಿಸಿಕೊಂಡು, ಕೊನೆಗೆ ಅದನ್ನು ಕಿತ್ತು ಮೊದಲಿನಂತೆ ಫೋಮನ್ನೇ ಹಾಕಿಸಿದೆವು. ಅದೂ ಒಂದು ದಿನ ಪುಡಿಯಾಗುವುದೆಂದು ಬಲ್ಲೆವು. ಪ್ರತಿ ಮಳೆಗಾಲ ಮುಗಿದೊಡನೆ ಮುಂದಿನ ಬಟ್ಟೆಯ ಪರದೆಯನ್ನು ತೆಗೆದು ಎರಡರ ಅಂಚನ್ನೂ ಬೆರಳಿನಿಂದ ಮೆಲ್ಲನೆ ಒತ್ತಿನೋಡುವುದು ನಮ್ಮ ರೂಢಿಯಾಗಿದೆ.